ಏಸಿ ಕಿಂಡಿಯ ಕೆಂಪು ದಾರ

ಏಸಿ ಕಿಂಡಿಗೆ ಕಟ್ಟಿದ್ದ ಕೆಂಪು ದಾರ ಅಂದು ಅಲುಗಲಿಲ್ಲ. ಫ್ಯಾನಿನ ಸದ್ದೇನೋ ವಿಮಾನ ಹೊರಡುವಷ್ಟಿತ್ತು. ದಾರ ಮಾತ್ರ ಹಿಂದಿನ ಬೆಂಚಿನ ವಿದ್ಯಾರ್ಥಿಯಂತೆ ತಲೆ ತಗ್ಗಿಸಿಕೊಂಡು ನೇತುಬಿದ್ದಿತ್ತು. ನಾನು ಗಣಿತ ಕಲಿಸುವವಳು. ಈ ಭಂಗಿ ನನಗೆ ಚೆನ್ನಾಗಿ ಗೊತ್ತು.

ನೈರೋಬಿಯಲ್ಲಿ ಕಾರಿಗೆ ಏಸಿ ಯಾಕೆ ಎಂದು ನೀವು ಕೇಳಬಹುದು. ಜುಲೈನಲ್ಲಿ ಸ್ವೆಟರ್ ಬೇಕಾಗುವ ಊರಿದು. ನನಗೆ ಏಸಿ ಬೇಕಿರುವುದು ತಂಪಿಗಿಂತ ಹೆಚ್ಚಾಗಿ ಕಿಟಕಿ ಮುಚ್ಚಿಕೊಳ್ಳುವುದಕ್ಕೆ. ಜಾಮ್‌ನಲ್ಲಿ ಗಾಜು ಇಳಿಸಿದರೆ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾಡು, ಲಾರಿಯ ಹೊಗೆ, ಮಾರಾಟದ ಬಾಳೆಹಣ್ಣು ಎಲ್ಲವೂ ಒಳಗೆ ಬರುತ್ತವೆ, ಒಳಗಿನ ಫೋನು ಹೊರಗೆ ಹೋಗುತ್ತದೆ. ಇದು ಎಲ್ಲರಿಗೂ ಹೇಳಬಹುದಾದ ಕಾರಣ. ಇನ್ನೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ. ಹರ್ಲಿಂಗ್‌ಹ್ಯಾಮ್‌ನ ಮನೆಗೂ ಕರೆನ್‌ನ ಶಾಲೆಗೂ ನಡುವೆ, ಮುಚ್ಚಿದ ಗಾಜಿನೊಳಗೆ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮದುವೆ ಯಾವಾಗ ಎಂದಂತೂ ಕೇಳುವುದೇ ಇಲ್ಲ.

ಈ ಸಲ ಮಾತ್ರ ವಿಷಯ ನನ್ನ ಏಕಾಂತದ್ದಾಗಿರಲಿಲ್ಲ. ಪಕ್ಕದ ಫ್ಲ್ಯಾಟಿನ ಸರೋಜಾ ಆಂಟಿಯನ್ನು ಭಾನುವಾರ ಬೆಳಿಗ್ಗೆ ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಬೇಕಿತ್ತು. ಮೈಸೂರಿನಿಂದ ಅವರ ತಂಗಿ ಮೊದಲ ಸಲ ಬರುವವರಿದ್ದರು. ಆಂಟಿ ನಿವೃತ್ತ ಡಾಕ್ಟರು; ಊರವರ ಉಬ್ಬಸವನ್ನೆಲ್ಲ ಹದ್ದುಬಸ್ತಿನಲ್ಲಿಟ್ಟವರಿಗೆ ತಮ್ಮದು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

"ಟ್ಯಾಕ್ಸೀಲಿ ಆ ಸೆಂಟಿನ ವಾಸನೆಗೇ ಉಸಿರು ಕಟ್ಟುತ್ತೆ ಕಣೇ. ನೀನಾದ್ರೆ ಕಿಟಕಿ ಮುಚ್ಚಿ ಏಸಿ ಹಾಕ್ತೀಯ" ಎಂದಿದ್ದರು. "ನಾನು ಅಲ್ಲಿ ಕೆಮ್ತಾ ನಿಂತಿದ್ರೆ ಮುಗೀತು. ಈ ಊರು ನಿಂಗೆ ಒಗ್ಗಲ್ಲ, ನಡಿ ಮೈಸೂರಿಗೆ ಅಂತ ಏರ್‌ಪೋರ್ಟಲ್ಲೇ ಶುರು ಹಚ್ಕೋತಾಳೆ."

ಆಂಟಿ ಮೈಸೂರಿಗೆ ಹೋಗುವುದು ನನಗೂ ಬೇಕಿರಲಿಲ್ಲ. ಹಾಗೆಂದು ಅವರಿಗೆ ಹೇಳಿರಲಿಲ್ಲ. ಅಂಥವನ್ನು ನಾನು ಹೇಳುವವಳಲ್ಲ.

ಗಾಬರಿಯಲ್ಲಿ ಒಂದು ತಪ್ಪು ಮಾಡಿದೆ. ಬೆಂಗಳೂರಿನಿಂದ ಟೆಲಿಕಾಂ ಕೆಲಸಕ್ಕೆ ಬಂದಿರುವ ರಘು ಅವರನ್ನು ಏಸಿ ಬಗ್ಗೆ ಕೇಳಿದೆ. "ಗ್ಯಾಸ್ ಖಾಲಿ ಮೇಡಂ, ತುಂಬ್ಸ್‌ಬಿಡಿ" ಎಂದರು. ಸಂಜೆಯೊಳಗೆ ಇಡೀ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ನನ್ನ ಏಸಿಯ ಸುದ್ದಿ ಹಬ್ಬಿತ್ತು. ಎಲ್ಲರ ತೀರ್ಪೂ ಗ್ಯಾಸೇ. ಎದೆ ಉರಿಯಿಂದ ಏಸಿಯವರೆಗೆ ಯಾವ ತೊಂದರೆಗೂ ನಮ್ಮವರು ಮೊದಲು ಅನುಮಾನಿಸುವುದು ಗ್ಯಾಸನ್ನೇ.

ಶನಿವಾರ ಮಧ್ಯಾಹ್ನ ನಾನೇ ಬಾನೆಟ್ ಎತ್ತಿದೆ. ಈ ಊರಿನ ಹೆಚ್ಚಿನ ಕಾರುಗಳಂತೆ ನನ್ನದೂ ಜಪಾನಿನಲ್ಲಿ ಒಬ್ಬರ ಕೈಯಲ್ಲಿ ಓಡಿ ಬಂದದ್ದು. ಕೈಪಿಡಿ ಪೂರ್ತಿ ಜಪಾನಿ ಭಾಷೆಯಲ್ಲಿದೆ. ಚಿತ್ರಗಳನ್ನೇ ನಂಬಿ ಹೊರಟೆ. ಏಸಿ ಹಾಕಿದಾಗ ಕಂಪ್ರೆಸರ್ ಟಕ್ಕೆಂದು ಎಚ್ಚರಗೊಂಡಿತು. ದಪ್ಪ ಕೊಳವೆ ಮುಟ್ಟಿದರೆ ತಣ್ಣಗಿತ್ತು, ಮಜ್ಜಿಗೆಯ ಲೋಟದಂತೆ ಬೆವರಿತ್ತು. ಅಂದರೆ ಗ್ಯಾಸ್ ಇದೆ, ತಂಪೂ ಇದೆ. ಕೂತವರಿಗೆ ತಲುಪುತ್ತಿಲ್ಲ, ಅಷ್ಟೇ. ಈ ಕಾಯಿಲೆ ನನಗೂ ಇದೆ ಎಂದು ಒಂದಿಬ್ಬರು ಹೇಳಿದ್ದುಂಟು.

ಡ್ಯಾಶ್‌ಬೋರ್ಡಿನ ಗೂಡನ್ನು ಬಿಚ್ಚಿ, ಅದರ ಹಿಂದಿದ್ದ ಗಾಳಿ ಸೋಸುವ ಫಿಲ್ಟರನ್ನು ಎಳೆದೆ. ಮಡಿಲ ತುಂಬ ಹೂವು. ಒಣಗಿ ಕಪ್ಪಾದ ಗುಲಾಬಿ ಎಸಳು, ಅವುಗಳ ಪುಡಿ, ನಡುವೆ ಅರಿಶಿನ ಬಣ್ಣದ ಅಕ್ಕಿಕಾಳು. ಗೇಟಿನ ಕಾವಲುಗಾರ ಬಗ್ಗಿ ನೋಡಿ, "ಮದಾಮ್, ಇದು ಗಾಡಿಯೋ ತೋಟವೋ?" ಎಂದು ಸ್ವಾಹಿಲಿಯಲ್ಲಿ ಕೇಳಿದ.

ಆಗ ಎಲ್ಲ ಅರ್ಥವಾಯಿತು. ಆಯುಧಪೂಜೆಗೆ ಕಾರಿಗೆ ಹೂವಿಡುವುದು ನಮ್ಮವರೆಲ್ಲರ ಪದ್ಧತಿ. ಸರೋಜಾ ಆಂಟಿಗೆ ವರ್ಷಕ್ಕೊಂದು ಸಲ ಸಾಲದು. ಗುಲಾಬಿ ಸೊಪ್ಪಿನ ಹಾಗೆ ಸಿಗುವ ಈ ಊರಿನಲ್ಲಿ, ನನ್ನ ಕಾರು ಹತ್ತುವ ಮುಂಚೆ ಪ್ರತಿ ಸಲವೂ ವೈಪರಿನ ಬುಡಕ್ಕೆ ಒಂದಿಷ್ಟು ಎಸಳು, ಚಿಟಿಕೆ ಅಕ್ಷತೆ ಉದುರಿಸುತ್ತಾರೆ. ಕಾರು ಗಾಳಿ ಎಳೆದುಕೊಳ್ಳುವ ಜಾಲರಿ ಇರುವುದೂ ಅಲ್ಲಿಯೇ. ನನಗೆ ಅಪಾಯ ಬಾರದಿರಲೆಂದು ಹಾಕಿದ ಹೂವೇ ಕಾರಿಗೆ ಉಬ್ಬಸ ತಂದಿತ್ತು.

ಫಿಲ್ಟರನ್ನು ಕೊಡವಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸಿದೆ. ದಾರ ನೆಟ್ಟಗೆ ಎದ್ದು ನಿಂತಿತು. ಆದರೆ ಆಂಟಿಗೆ ಹೇಗೆ ಹೇಳುವುದು? 'ನಿಮ್ಮ ಹೂವಿನಿಂದ' ಎಂದು ಶುರುವಾಗುವ ವಾಕ್ಯ ಹೇಗೆ ತಿರುಗಿಸಿದರೂ ದೂರಿನಂತೆ ಕೇಳುತ್ತಿತ್ತು. ಹೇಳದಿದ್ದರೆ ಇನ್ನೊಂದು ತಿಂಗಳಲ್ಲಿ ಮತ್ತೆ ಅದೇ ಕಥೆ. ಲೆಕ್ಕ ಬಿಡಿಸುವವಳಿಗೆ ಇದನ್ನು ಬಿಡಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಂಟಿ ರೇಷ್ಮೆ ಸೀರೆಯುಟ್ಟು, ಒಂದು ಕೈಯಲ್ಲಿ ಗುಲಾಬಿ, ಇನ್ನೊಂದರಲ್ಲಿ ಅಕ್ಷತೆಯ ಬಟ್ಟಲು ಹಿಡಿದು ಇಳಿದು ಬಂದರು. ಕೈ ವೈಪರಿನತ್ತ ಹೋಯಿತು. ನಾನು ನಡುವೆ ಹೋಗಿ ನಿಂತೆ.

"ಆಂಟಿ, ಇವತ್ತು ನಂಗೆ ಮುಡಿಸಿ."

ಅವರು ನನ್ನನ್ನೇ ನೋಡಿದರು. "ಹಬ್ಬಕ್ಕೂ ಬೇಡ ಅಂತಿದ್ದೋಳು. ಈ ಮೋಟು ಕೂದಲಲ್ಲಿ ಎಲ್ಲಿ ಸಿಗಿಸ್ಲೇ?" ಎನ್ನುತ್ತ ತಮ್ಮ ತುರುಬಿನಿಂದಲೇ ಒಂದು ಪಿನ್ನು ಕಿತ್ತು ಹೂವು ನಿಲ್ಲಿಸಿದರು. "ಅಕ್ಷತೆ?"

"ಅದೂ ನಂಗೇ."

ತಲೆ ತಗ್ಗಿಸಿದೆ. ಅಕ್ಕಿಕಾಳು ಕೆಲವು ಕತ್ತಿನೊಳಗೂ ಇಳಿದವು.

ಎಂಬಕಸಿಯ ದಾರಿಯುದ್ದಕ್ಕೂ ಲಾರಿಗಳು ಹೊಗೆ ಬಿಡುತ್ತಿದ್ದವು. ಮುಚ್ಚಿದ ಗಾಜಿನೊಳಗೆ ತಣ್ಣನೆಯ ಗಾಳಿ, ಗುಲಾಬಿಯ ಘಮ. ಆಂಟಿ ಒಮ್ಮೆಯೂ ಕೆಮ್ಮಲಿಲ್ಲ. ಮದುವೆಯ ವಿಷಯವನ್ನು ಮಾತ್ರ ಎರಡು ಸಲ ಎತ್ತಿದರು. ನಿಲ್ದಾಣದ ಫಲಕ ಕಂಡಾಗ, ರಸ್ತೆಯ ಮೇಲೆಯೇ ಕಣ್ಣಿಟ್ಟು, "ತಂಗಿ ಕರೆದ್ರೂ ನೀವು ಹೋಗ್ಬೇಡಿ ಆಂಟಿ" ಎಂದೆ.

ಅವರು ನನ್ನ ಕೂದಲಿನಲ್ಲಿ ಜಾರಿದ್ದ ಹೂವನ್ನು ಸರಿಪಡಿಸಿದರು. "ಹೋಗ್ತೀನೇನೇ? ಆಮೇಲೆ ಈ ಕಾರಿಗೆ ಹೂವು ಹಾಕೋರು ಯಾರು?"

ನಾನು ಏಸಿಯನ್ನು ಇನ್ನೊಂದಿಷ್ಟು ಜೋರು ಮಾಡಿದೆ.