ಚಪ್ಪಡಿ ಮೆಟ್ಟಿಲಿನ ಉಗ್ರಾಣ

ನನ್ನನ್ನು ಉಗ್ರಾಣ ನೋಡಿಕೊಳ್ಳಲು ಆರಿಸಿದ್ದು ನನ್ನ ಅಕ್ಷರ ದುಂಡಗಿದೆ ಅಂತಲ್ಲ, ಮನೆಯಲ್ಲೇ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಿದ್ದೆ ಅಂತಲೂ ಅಲ್ಲ. ಕೂತ ಜಾಗದಿಂದ ಎದ್ದು ಹೋಗಲಾರಳು ಎಂಬ ಕಾರಣಕ್ಕೆ. ಚಿಕ್ಕಪ್ಪ ಅದನ್ನು ಮುಚ್ಚಿಡಲೂ ಇಲ್ಲ. "ಗಂಡಸರನ್ನ ಕೂರಿಸಿದ್ರೆ ಬೀಡಿಗೆ ಅಂತ ಒಂದ್ಸಲ, ಟೀಗೆ ಅಂತ ಒಂದ್ಸಲ ಎದ್ದು ಹೋಗ್ತಾರೆ. ಬರೋಷ್ಟರಲ್ಲಿ ಎರಡು ಕಂಬಳಿ ಮಾಯ. ನೀನಾದ್ರೆ ಕದಲೋದಿಲ್ಲ ಕಣೇ" ಅಂದರು. ಹೊಗಳಿಕೆ ಎಂದುಕೊಂಡೇ ಹೇಳಿದ್ದು. ನಾನೂ ಹಾಗೇ ತೆಗೆದುಕೊಂಡೆ. ಮನೆಯಿಂದ ಹೊರಗೆ ಹೋಗಲು ಸಿಕ್ಕಿದರೆ ಸಾಕಾಗಿತ್ತು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು, ನನಗೆ ಇಪ್ಪತ್ತೆರಡು ಇರಬೇಕು. ಮೂರನೇ ವಯಸ್ಸಿನಲ್ಲಿ ಬಂದ ಪೋಲಿಯೋ ಎರಡೂ ಕಾಲು ತೆಗೆದುಕೊಂಡು ಹೋಗಿತ್ತು. ತುಮಕೂರಿನ ಶಿರಾ ಗೇಟಿನಲ್ಲಿ ಚಿಕ್ಕಪ್ಪನ ಧಾನ್ಯದ ಅಂಗಡಿ, ಅದರ ಪಕ್ಕಕ್ಕೆ ನಮ್ಮ ಮನೆ. ಬಾಗಿಲು ಹಾಕಿದ ಮನೆಯೊಳಗೆ ನಾನು ಕೈಯೂರಿ, ಕುಂಡಿ ಜಾರಿಸಿಕೊಂಡು ಎಲ್ಲ ಕಡೆ ಓಡಾಡುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಮಾತ್ರ ಅಜ್ಜಿ ಓಡಿಬಂದು ನನ್ನನ್ನು ಕುರ್ಚಿಗೆ ಎತ್ತಿ ಹಾಕಿ, ಸೀರೆಯ ನೆರಿಗೆಯನ್ನು ಹೆಬ್ಬೆರಳವರೆಗೆ ಎಳೆದು ಮುಚ್ಚುತ್ತಿದ್ದರು. "ಜನದ ಮುಂದೆ ತೆವಳಬ್ಯಾಡ ಕಣೇ, ನೋಡ್ದೋರು ಏನಂತಾರೆ" ಎನ್ನುವುದು ಅವರ ಕಟ್ಟಪ್ಪಣೆ. ಬಂದವರಿಗೆ ಗೊತ್ತಿದ್ದದ್ದು ಕುರ್ಚಿಯ ಮೇಲಿನ ನಾನು ಮಾತ್ರ. ಉಳಿದ ಹೊತ್ತು ಕಿಟಕಿ, ಕಿಟಕಿಯಾಚೆ ಒಂದು ಪಂಚರ್ ಅಂಗಡಿ, ಅದರ ಮುಂದೆ ಹಳೇ ಟೈರಿನ ರಾಶಿ. ಇಪ್ಪತ್ತು ವರ್ಷ ನಾನು ನೋಡಿದ ಜಗತ್ತು ಅಷ್ಟೇ.

ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಹಾಗಲವಾಡಿ ಕಡೆಯ ಒಂದು ಹಳ್ಳಿಯಲ್ಲಿ ಕೆರೆ ಕೋಡಿ ಬಿದ್ದು, ಆಮೇಲೆ ಏರಿಯೇ ಒಡೆದು, ತಗ್ಗಿನಲ್ಲಿದ್ದ ಮಣ್ಣಿನ ಮನೆಗಳೆಲ್ಲ ಕೊಚ್ಚಿಹೋದವು. ತಗ್ಗಿನಲ್ಲಿ ಯಾರ ಮನೆಗಳಿದ್ದವು ಎಂದು ಬಿಡಿಸಿ ಹೇಳಬೇಕಿಲ್ಲ. ಊರಿನವರಿಗೆ ಬೇಡವಾದ ಜಾಗದಲ್ಲಿ ತಾನೆ ಕೇರಿಯವರನ್ನು ಇಟ್ಟಿರುವುದು. ತುಮಕೂರಿನ ನಾಲ್ಕಾರು ವರ್ತಕರು ಒಂದು ಪರಿಹಾರ ಸಮಿತಿ ಮಾಡಿಕೊಂಡರು. ಚಿಕ್ಕಪ್ಪ ಅದರಲ್ಲಿ ಒಬ್ಬರು, ರಿಟೈರಾದ ಮೇಷ್ಟ್ರೊಬ್ಬರು ಕಾರ್ಯದರ್ಶಿ. ರಾಗಿ, ಸೀರೆ, ಅಲ್ಯೂಮಿನಿಯಂ ಪಾತ್ರೆ ಎಲ್ಲವನ್ನೂ ಒಂದು ಕಂಬಳಿಯಲ್ಲಿ ಸುತ್ತಿ ಮನೆಗೊಂದು ಗಂಟು ಕಟ್ಟಿದರು. ಇಡಲು ಗುಬ್ಬಿಯಲ್ಲಿ ಒಂದು ಹಳೇ ಛತ್ರ ಸಿಕ್ಕಿತು.

ಗಂಟುಗಳನ್ನು ಮಹಡಿಯಲ್ಲಿ ಇಡಬೇಕೆಂದು ತೀರ್ಮಾನವಾಯಿತು. ಹಿಂದೆ ಕುಣಿಗಲ್ ಕಡೆ ಹೀಗೇ ನೆರವಿಗೆ ಹೋಗಿದ್ದಾಗ ರಾಗಿ ಮೂಟೆಗಳನ್ನು ನೆಲದ ಮೇಲೆ ಇಟ್ಟು, ಶೀತ ಏರಿ, ಅರ್ಧಕ್ಕರ್ಧ ಬೂಷ್ಟು ಹಿಡಿದು ದನಕ್ಕೆ ಹಾಕಿದ್ದರಂತೆ. ಆ ಪೆಟ್ಟು ತಿಂದವರು ಈ ಸಲ ಬುದ್ಧಿವಂತರಾಗಿದ್ದರು. ಇನ್ನೊಂದು ಅನುಕೂಲವೂ ಇತ್ತು. ಛತ್ರದ ಕೆಳಗಿನ ಹಜಾರದಲ್ಲಿ ದೇವರ ಕೋಣೆ, ಅಡುಗೆಮನೆ. ಕೇರಿಯವರು ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಆದರೆ ಬೀದಿ ಕಡೆಯ ಗೋಡೆಗೆ ಕಲ್ಲು ಚಪ್ಪಡಿ ಚಾಚಿ ನೇರ ಮಹಡಿಗೆ ಹೋಗುವ ಮೆಟ್ಟಿಲು ಮಾಡಿದ್ದರು. ಹಿಡಿದುಕೊಳ್ಳಲು ಕಂಬಿಯಿಲ್ಲ, ಚಪ್ಪಡಿ ಚಪ್ಪಡಿಯ ನಡುವೆ ಕೆಳಗಿನ ಬೀದಿ ಕಾಣುತ್ತದೆ. "ಒಳ್ಳೇದೇ ಆಯ್ತು, ಹೊರಗಿಂದ್ಲೇ ಹತ್ತಿ ಹೊರಗಿಂದ್ಲೇ ಇಳೀತಾರೆ. ಯಾರ ಮನಸ್ಸಿಗೂ ನೋವಾಗಲ್ಲ" ಅಂದರು ಮೇಷ್ಟ್ರು. ಅವರು ಯಾರ್ಯಾರ ಮನಸ್ಸನ್ನು ಲೆಕ್ಕಕ್ಕೆ ಹಿಡಿದಿದ್ದರೋ ನಾನು ಕೇಳಲಿಲ್ಲ.

ನನ್ನನ್ನು ಹಜಾರದೊಳಗಿನ ಮರದ ಮೆಟ್ಟಿಲ ಮೇಲೆ ಇಬ್ಬರು ಹಮಾಲರು ಕುರ್ಚಿ ಸಮೇತ ಹೊತ್ತುಕೊಂಡು ಹೋದರು. "ಅಮ್ನೋರ ಉತ್ಸವ ಬಂತು, ದಾರಿ ಬುಡ್ರಪ್ಪೋ" ಎಂದು ಒಬ್ಬ ತಮಾಷೆ ಮಾಡಿದ. ನನಗೂ ನಗು ಬಂತು. ಮೇಲೆ ಇಳಿಸಿದ ಮೇಲೆ ಕೆಳಗಿನಿಂದ ಬಾಗಿಲೆಳೆದು ಬೀಗ ಹಾಕುವ ಸದ್ದು ಕೇಳಿದಾಗ ನಗು ನಿಂತಿತು. ಕಳ್ಳತನ ಆಗಬಾರದೆಂದು ಒಳಬಾಗಿಲಿಗೆ ಬೀಗ. ಕೀಲಿ ಮೇಷ್ಟ್ರ ಜುಬ್ಬಾದ ಜೇಬಿನಲ್ಲಿ, ಅವರು ಬರುವಾಗ ಹೋಗುವಾಗ ಮಾತ್ರ ತೆಗೆಯುವುದು. ಗಂಟುಗಳ ಜೊತೆ ನನ್ನನ್ನೂ ಇಟ್ಟು ಬೀಗ ಹಾಕಿದ ಹಾಗಾಯಿತು. ಬಚ್ಚಲು ಕೆಳಗೆ ಎಂದು ಹಿಂದಿನ ಸಂಜೆಯಿಂದಲೇ ನಾನು ನೀರು ಕುಡಿದಿರಲಿಲ್ಲ. ಗೋಣಿಯ ಘಾಟು, ತಲೆಗೆ ತಾಕುವಂಥ ತಗ್ಗು ಸೂರು, ಸರಳಿನ ಕಿಟಕಿ. ಶಿರಾ ಗೇಟಿನ ಕಿಟಕಿ ಬಿಟ್ಟು ಗುಬ್ಬಿಯ ಕಿಟಕಿಗೆ ಬಂದಿದ್ದೆ, ಅಷ್ಟೇ ವ್ಯತ್ಯಾಸ.

ಮೊದಲ ದಿನವೇ ಆಕೆ ಬಂದಳು. ಹಳ್ಳಿಯವರೆಲ್ಲ ಎತ್ತಿನ ಗಾಡಿಗಳಲ್ಲಿ ಬಂದಿಳಿದಾಗ ಅವರ ಮಧ್ಯೆ ಒಬ್ಬ ಹೆಂಗಸು ಗಾಡಿಯಿಂದ ನೆಲಕ್ಕೆ ಜಾರಿ, ಎರಡು ಅಂಗೈಗೂ ಟೈರಿನ ತುಂಡು ಕಟ್ಟಿಕೊಂಡು, ಕಾಲೆಳೆದುಕೊಂಡು ಮೆಟ್ಟಿಲ ಬುಡಕ್ಕೆ ಬಂದು ಕೂತಳು. ನಲವತ್ತರ ಆಸುಪಾಸು ಇರಬೇಕು. ಬಾಗಿಲ ಬಳಿ ಕುರ್ಚಿಯಲ್ಲಿದ್ದ ನಾನು ಬಗ್ಗಿ ನೋಡಿದೆ. ನನ್ನ ಹಾಗೆ ಇನ್ನೊಬ್ಬರು ಓಡಾಡುವುದನ್ನು, ಅದೂ ಹಾಡುಹಗಲು ನಡುಬೀದಿಯಲ್ಲಿ, ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಅಮ್ಮಾವ್ರೇ, ನಂಗ್ ಹತ್ತಾಕಾಗಲ್ಲ. ನನ್ ಗಂಟು ಕೆಳೀಕ್ ಕಳಿಸ್ರೀ" ಎಂದು ಕೂಗಿದಳು.

ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ತಲೆಯಾಡಿಸಿದರು. "ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ಪುಸ್ತಕ ಈ ಕೋಣೆ ಬಿಟ್ಟು ಹೋಗೋ ಹಾಗಿಲ್ಲ. ಒಬ್ಬರ ಗಂಟು ಇನ್ನೊಬ್ರು ಎತ್ಕೊಂಡ್ ಹೋದ್ರೆ ಯಾರು ಜವಾಬ್ದಾರಿ?" ಹೊತ್ತುಕೊಂಡು ಹತ್ತುತ್ತೇವೆ ಎಂದು ಅವಳ ಕೇರಿಯ ಇಬ್ಬರು ಮುಂದೆ ಬಂದರು. ಅವಳೇ ಬೇಡವೆಂದಳು. "ಬರೀ ಕೈಯಲ್ ಹತ್ತೋರ್ಗೇ ಕಾಲು ನಡುಗ್ತಾವೆ. ನನ್ನೂ ಹೊತ್ಕೊಂಡ್ ಬಿದ್ರೆ? ಕಾಲಂತೂ ಇಲ್ಲ, ಇರೋ ಕೈನೂ ಕಳ್ಕಳ್ಳಾನಾ?" ಯಾರೋ "ಒಳಗಡೆ ಮರದ ಮೆಟ್ಲು ಐತಂತಲ್ಲ" ಅಂದರು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಕನ್ನಡಕ ಒರೆಸಿಕೊಂಡರು.

ಆಗ ಅವಳು ನನ್ನ ಕಡೆ ತಿರುಗಿದಳು. "ಅವ್ವಾ, ನೀನೇ ಒಂದ್ ಚಣ ಪುಸ್ತಕ ತಗಂಡ್ ಇಳ್ದು ಬಾ. ಆಗ್ಲಿಂದ ಕೂತೇ ಇದೀಯಲ್ಲ, ನಿಂಗೇನ್ ಕಾಲಿಲ್ವಾ?"

ಕೆಳಗೆ ನಿಂತವರು ಘೊಳ್ಳೆಂದು ನಕ್ಕರು. "ಮಾರಾಣಿ ಕಣಮ್ಮೋ, ಇಳೀತಾಳಾ?" ಎಂದು ಒಂದು ದನಿ. ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನಗೂ ಕಾಲಿಲ್ಲ ಕಣಮ್ಮ ಎಂದು ಒಂದು ಮಾತು. ಆದರೆ ನನ್ನ ಕೈ ತಾನಾಗಿ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡಿತು. "ರೂಲ್ಸ್ ಇಲ್ಲಮ್ಮ, ಮೇಷ್ಟ್ರನ್ನ ಕೇಳು" ಅಂದೆ. ಜಂಬದವಳು ಎನ್ನಿಸಿಕೊಂಡರೂ ಪರವಾಗಿಲ್ಲ, ಕುಂಟಿ ಎನ್ನಿಸಿಕೊಳ್ಳಬಾರದು ಎಂಬ ಬುದ್ಧಿ. ಈಗ ನೆನೆಸಿಕೊಂಡರೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅವಳು ಬರಿಗೈಯಲ್ಲಿ ಗಾಡಿ ಹತ್ತಿ ಹೋದಳು.

ಸಂಜೆ ತುಮಕೂರಿಗೆ ಮರಳುವ ವ್ಯಾನಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ಗಂಟುಗಳನ್ನು ಬೀದಿ ಬಾಗಿಲ ಪಕ್ಕದ ಜಗುಲಿಯ ಮೇಲೇ ಇಡಬಹುದಲ್ಲ, ಕಲ್ಲು ಜೋಡಿಸಿ ಹಲಗೆ ಹಾಕಿದರೆ ಶೀತ ಏರುವುದಿಲ್ಲ ಎಂದೆ. "ಯಾರೋ ಒಬ್ಬಳಿಗೋಸ್ಕರ ಅಷ್ಟನ್ನೂ ಇಳಿಸೋಕಾಗುತ್ತಾ? ಇನ್ನೆರಡು ದಿನ, ಸುಮ್ನಿರು" ಅಂದರು. ಒಳ್ಳೆಯ ಮನುಷ್ಯ, ಸುಸ್ತಾಗಿದ್ದರು. ಆದರೆ ಒಬ್ಬಳಲ್ಲ ಎಂದು ಎರಡನೇ ದಿನ ನನಗೆ ಗೊತ್ತಾಯಿತು. ಕಣ್ಣು ಕಾಣದ ಮುದುಕರೊಬ್ಬರು ನಾಲ್ಕನೇ ಚಪ್ಪಡಿಯವರೆಗೆ ಬಂದು, ಕಾಲಲ್ಲಿ ಗಾಳಿ ತಡವಿ ನೋಡಿ, ಹಿಂದಕ್ಕೆ ಇಳಿದರು. ತುಂಬಿದ ಬಸುರಿಯೊಬ್ಬಳು ಗೋಡೆ ತಬ್ಬಿಕೊಂಡು ಹತ್ತಿ ಬಂದು, ಹೆಬ್ಬೆಟ್ಟು ಒತ್ತುವ ಮೊದಲು ನನ್ನ ಕುರ್ಚಿಯ ಕಾಲು ಹಿಡಿದುಕೊಂಡು ಕೂತುಬಿಟ್ಟಳು. ನಾನು ನೋಡುತ್ತಾ ಕೂತಿದ್ದೆ. ನೋಡುವುದಕ್ಕೇ ತಾನೆ ನನ್ನನ್ನು ಕೂರಿಸಿದ್ದು.

ಮೂರನೇ ದಿನ ಕಡೇ ದಿನ. ಮಧ್ಯಾಹ್ನ ಮೂರಕ್ಕೆ ಲಾರಿ ಬಂದು ಉಳಿದ ಗಂಟುಗಳನ್ನು ಇನ್ನೊಂದು ಹಳ್ಳಿಗೆ ಸಾಗಿಸುವುದಿತ್ತು. ಮೇಷ್ಟ್ರು ಊಟಕ್ಕೆ ಹೋದರು, ಎಂದಿನಂತೆ ಒಳಬಾಗಿಲಿಗೆ ಬೀಗ ಹಾಕಿಕೊಂಡು. ಬೀದಿ ಕಡೆಯ ಬಾಗಿಲಿನ ಅಗುಳಿ ನನ್ನ ಕೈಗೆಟುಕುವಂತೆ ಒಳಗಿತ್ತು. ತುಂತುರು ಬೀಳುತ್ತಿತ್ತು. ಕಿಟಕಿಯಲ್ಲಿ ನೋಡಿದರೆ ಅವಳು. ಯಾವುದೋ ಗಾಡಿಯಲ್ಲಿ ಒಬ್ಬಳೇ ಬಂದು, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ಕೂತಿದ್ದಳು. ಈ ಸಲ ಕೂಗಲಿಲ್ಲ. ಸುಮ್ಮನೆ ಮೇಲೆ ನೋಡುತ್ತಿದ್ದಳು. ಅವಳಿಗೆ ರಾತ್ರಿ ಹೊದೆಯಲು ಏನಿದೆ ಎಂದು ಯೋಚನೆ ಬಂತು.

ಎದುರಿನ ಹೋಟೆಲಿನವರನ್ನು ಕೂಗಿದೆ, ಯಾರಾದರೂ ಬಂದು ಗಂಟು ಇಳಿಸಿಕೊಡಿ ಎಂದು. "ಮೇಷ್ಟ್ರು ಬರ್ಲಿ ಬುಡಿ ತಾಯಿ, ನಮಗ್ಯಾಕೆ" ಎಂದು ಒಬ್ಬ ಟೀ ಹೀರಿದ. ಅಗುಳಿ ತೆಗೆದೆ. ಕುರ್ಚಿಯಿಂದ ನೆಲಕ್ಕೆ ಜಾರಿದೆ. ಅವಳ ಗಂಟನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಗಿ ಮೆಟ್ಟಿಲ ತಲೆಯಿಂದ ಉರುಳಿಸಿಬಿಟ್ಟೆ. ಅದು ಧಡಧಡ ಸದ್ದು ಮಾಡುತ್ತಾ ಹೋಗಿ ಬೀದಿಗೆ ಬಿತ್ತು. ಪುಸ್ತಕವನ್ನೂ ಹಾಗೇ ಎಸೆಯಬಹುದಿತ್ತು. ಆದರೆ ಅವಳ ಹೆಸರಿನ ಸಾಲು ತೋರಿಸಿ ಒತ್ತಿಸಿಕೊಳ್ಳುವವರು ಬೇಕಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲ ದಿನ ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

ಪುಸ್ತಕ, ಇಂಕಿನ ಪ್ಯಾಡು ಎರಡನ್ನೂ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದು ಮೊದಲ ಚಪ್ಪಡಿಗೆ ಜಾರಿದೆ. ಕೆಳಗೆ ಬೀದಿ ಗಿರ್ರೆಂದಿತು. ಹೋಟೆಲಿನವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಸೀರೆ ಮೊಣಕಾಲಿನವರೆಗೆ ಸರಿದು, ಇಪ್ಪತ್ತು ವರ್ಷ ಅಜ್ಜಿ ಮುಚ್ಚಿಟ್ಟಿದ್ದೆಲ್ಲ ಗುಬ್ಬಿಯ ಬೀದಿಗೆ ಕಂಡಿತು. ಮೂರನೇ ಚಪ್ಪಡಿಯ ಮೇಲೆ ನನಗೆ ಮುಂದಕ್ಕೂ ಹೋಗಲಾಗಲಿಲ್ಲ, ಹಿಂದಕ್ಕೂ ಹೋಗಲಾಗಲಿಲ್ಲ. ಅಳು ಬಂದುಬಿಟ್ಟಿತು.

ಅವಳು ಕೆಳಗಿನಿಂದ ನನ್ನನ್ನು ನೋಡುತ್ತಿದ್ದಳು. ಬಾಯಿ ತೆರೆದಿತ್ತು. ಆಮೇಲೆ ಗದರುವ ದನಿಯಲ್ಲಿ ಶುರು ಮಾಡಿದಳು. "ಹಂಗಲ್ಲ ಕಣವ್ವ! ಕೆಳೀಕ್ ನೋಡ್ಬ್ಯಾಡ. ಗೋಡೆ ಕಡೀಕ್ ವಾಲು. ಮೊದ್ಲು ಕೈ ಊರು. ಆಮೇಲೆ ಸೊಂಟ. ಆಮೇಲೆ ಕಾಲ್ ಎಳ್ಕೊ. ಹೂಂ. ಇನ್ನೊಂದ್ ದಪ. ಕೈ, ಸೊಂಟ, ಕಾಲು."

ಹಾಗೆ ಇಳಿದೆ. ಕೊನೆಯ ಚಪ್ಪಡಿಯಿಂದ ಕೆಸರಿಗೆ ಜಾರಿದಾಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು. ಅವಳು ಕಾಲಿನ ಮಾತೆತ್ತಲಿಲ್ಲ. ಟೈರು ಬಿಚ್ಚಿ ಹೆಬ್ಬೆಟ್ಟು ಚಾಚಿದಳು, ನಾನು ಹೆಸರು ಕೇಳಿ, ಸಾಲು ತೋರಿಸಿ ಒತ್ತಿಸಿಕೊಂಡೆ. ಅವಳ ಹೆಬ್ಬೆಟ್ಟಿನ ಪಕ್ಕ ನನ್ನ ಅಂಗೈಯ ರಕ್ತ ಒಂದು ಹನಿ ಬಿತ್ತು. ಆಗ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಥೂ, ಸುಲ್ದೋಗವೆ. ಬರೀ ಕೈಯಲ್ಲಾ ಓಡಾಡೋದು? ಟೈರ್ ಕಟ್ಕೊಳವ್ವ. ಯಾವ್ ಪಂಚರ್ ಅಂಗ್ಡೀಲಾದ್ರೂ ಕೊಡ್ತಾರೆ." ಪಾತ್ರೆ ನೆಗ್ಗಿದ್ದಕ್ಕೆ ಬೈದುಕೊಳ್ಳುತ್ತಾ ಗಂಟು ಬೆನ್ನಿಗೆ ಕಟ್ಟಿಕೊಂಡಳು.

ಊಟ ಮುಗಿಸಿ ಬಂದ ಮೇಷ್ಟ್ರು ದಂಗಾಗಿ ನಿಂತರು. "ಪುಸ್ತಕ ಕೋಣೆ ಬಿಟ್ಟು ಬಂತಲ್ಲಮ್ಮ" ಅಂದರು. "ನಾನೂ ಬಂದೆನಲ್ಲ ಮೇಷ್ಟ್ರೇ" ಅಂದೆ. ಆ ಒಂದು ಮಾತಿಗೆ ಇವತ್ತಿಗೂ ನನಗೆ ಹೆಮ್ಮೆಯಿದೆ.

ಹೆಮ್ಮೆ ಶಿರಾ ಗೇಟಿನಲ್ಲಿ ಬಾಳಲಿಲ್ಲ. ಮನೆಗೆ ಬಂದ ಮೇಲೆ ಚಿಕ್ಕಪ್ಪ ಅಜ್ಜಿಯ ಕಡೆ ನೋಡಿ, "ನಮ್ಮನೆ ಹೆಣ್ಮಗಳು ಗುಬ್ಬಿ ಬೀದೀಲಿ ತೆವಳಿದ್ಲು. ನಾನೇ ಕಳಿಸಿ ತಪ್ಪು ಮಾಡ್ದೆ" ಅಂದರು. ಅಜ್ಜಿ ಎರಡು ದಿನ ಊಟ ಬಿಟ್ಟರು. ಆಮೇಲೆ ಒಂದು ವರ್ಷ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಅದೇ ಕಿಟಕಿ, ಅದೇ ಪಂಚರ್ ಅಂಗಡಿ. ಟೈರಿನ ರಾಶಿಯನ್ನು ಮಾತ್ರ ಬೇರೆ ಥರ ನೋಡುತ್ತಿದ್ದೆ. ಒಂದು ದಿನ ಕಿಟಕಿಯಿಂದಲೇ ಪಂಚರ್ ಅಂಗಡಿಯವರನ್ನು ಕೂಗಿ ಎರಡು ತುಂಡು ಕೇಳಿದೆ. ಯಾಕೆಂದು ಕೇಳದೆ ಕತ್ತರಿಸಿ ಸರಳಿನ ಸಂದಿಯಲ್ಲಿ ಕೊಟ್ಟರು. ಅವನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡೆ.

ಮುಂದಿನ ಮಳೆಗಾಲದಲ್ಲಿ ಕುಣಿಗಲ್ ಕಡೆ ಮನೆಗಳು ಬಿದ್ದವು. ಮತ್ತೆ ಸಮಿತಿ, ಮತ್ತೆ ಗಂಟು. ಬೆಳಿಗ್ಗೆ ಅಂಗಡಿಯ ಮುಂದೆ ವ್ಯಾನಿಗೆ ಮೂಟೆ ತುಂಬುತ್ತಿದ್ದರು. ಮಹಡಿ ಸಿಕ್ಕಿದೆ, ಶೀತದ ಭಯವಿಲ್ಲ ಎಂದು ಚಿಕ್ಕಪ್ಪ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ನಾನು ಟೈರು ಕಟ್ಟಿಕೊಂಡು, ಬಾಗಿಲ ಚಿಲಕ ತೆಗೆದು, ಮೂರು ಮೆಟ್ಟಿಲು ಇಳಿದು, ಶಿರಾ ಗೇಟಿನ ಅಷ್ಟೂ ಜನರ ಮುಂದೆ ವ್ಯಾನಿನ ಚಕ್ರದ ಪಕ್ಕ ಹೋಗಿ ಕೂತೆ. ಒಳಗೆ ಅಜ್ಜಿ ನನ್ನ ಹೆಸರು ಹಿಡಿದು ಕೂಗುತ್ತಿದ್ದರು.

"ಕುರ್ಚಿ ತನ್ರೋ!" ಎಂದರು ಚಿಕ್ಕಪ್ಪ, ಮುಖ ಕೆಂಪಗಾಗಿತ್ತು.

"ಕುರ್ಚಿ ಬೇಡ ಚಿಕ್ಕಪ್ಪ. ಗಂಟು ಎಲ್ಲಿಡ್ತೀರ, ಅದು ಹೇಳಿ."

ಅವರು ನನ್ನ ಕೈಗಳನ್ನು ನೋಡಿದರು. ಪಂಚರ್ ಅಂಗಡಿಯವರನ್ನು ನೋಡಿದರು. ಆಮೇಲೆ, "ಕೆಳಗೇ ಇಡಿಸ್ತೀನಿ. ಹಲಗೆ ಹಾಕಿ" ಅಂದರು.

"ಪುಸ್ತಕದಲ್ಲಿ ಬರ್ಕೊಳ್ಳೋರು ಯಾರು?"

ಚಿಕ್ಕಪ್ಪ ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಬೇಡ ಅಂತ ಮಾತ್ರ ಅನ್ನಲಿಲ್ಲ. ವ್ಯಾನಿನ ಹಿಂಬಾಗಿಲು ನನ್ನ ತಲೆಯ ಮಟ್ಟಕ್ಕಿತ್ತು. ಮೂಟೆ ಏರಿಸಲು ನೆಲದಿಂದ ಹಾಕಿದ್ದ ಹಲಗೆಯನ್ನು ಹಮಾಲರು ಇನ್ನೂ ತೆಗೆದಿರಲಿಲ್ಲ. ಹಲಗೆಗೆ ಬೆನ್ನು ತಿರುಗಿಸಿ ಕೂತೆ. ಕೈ, ಸೊಂಟ, ಕಾಲು. ಕೈ, ಸೊಂಟ, ಕಾಲು. ರಾಗಿ ಮೂಟೆ ಹತ್ತಿದ ದಾರಿಯಲ್ಲೇ ನಾನೂ ಹತ್ತಿದೆ.