ಗಮನಕ್ಕನ ಚಿಂತೆಯ ಹೊತ್ತು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಮನೆಯಲ್ಲಿ ಯಾರ ಹತ್ತಿರವೂ ಒಂದು ಮಾತು ಆಡುವ ಮೊದಲು, ಅವಳು ಖಾಲಿ ತಂಬಿಗೆಯನ್ನು ಬಾಯಿಯ ಹತ್ತಿರ ಹಿಡಿದು "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಾಳೆ. ತಂಬಿಗೆ ಅದನ್ನೇ ಸ್ವಲ್ಪ ದಪ್ಪ ದನಿಯಲ್ಲಿ ತಿರುಗಿ ಹೇಳುತ್ತದೆ. ಗಂಟಲು ಕಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಅದೇ ತಂಬಿಗೆಗೆ ನೀರು ತುಂಬಿ ಒಲೆಯ ಮೇಲಿಡುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮದುವೆಯಾದ ಹೊಸದರಲ್ಲಿ ಸೊಸೆ ಪಾತ್ರೆಯ ಹತ್ತಿರ ಮಾತಾಡುವುದನ್ನು ಕಂಡ ಅತ್ತೆ, ಮಗನನ್ನು ಹಿತ್ತಲಿಗೆ ಕರೆದು, "ಒಪ್ಕೊಳ್ಳೋ ಮುಂಚೆ ಸರಿಯಾಗಿ ವಿಚಾರಿಸಿದ್ದೆಯೇನೋ?" ಎಂದು ಕೇಳಿದ್ದರಂತೆ.

ಅವಳ ಕೆಲಸವೇ ಅದು. ಬಸ್ ನಿಲ್ದಾಣದಲ್ಲಿ ಗಾಜಿನ ಸಣ್ಣ ಕೋಣೆಯೊಳಗೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳಬೇಕು. ಬೀದಿಯವರೆಲ್ಲ ಅವಳನ್ನು ಗಮನಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಮತದಾನದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಅವಳ ದನಿ ಅಂಥ ಇಂಪೇನಲ್ಲ, ಆದರೆ ನಂಬುವ ಹಾಗಿತ್ತು. ಅವಳು ಏಳನೇ ಅಂಕಣ ಎಂದರೆ ಜನ ಗಂಟುಮೂಟೆ ಎತ್ತಿಕೊಂಡು ಏಳಕ್ಕೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಆ ದನಿಯೊಳಗೆ ಅನುಮಾನ ಹೊಕ್ಕಿತು. ಬಂದರಿಗೆ ಹೋಗುವ ಬಸ್ಸು ಏಳನೇ ಅಂಕಣದಲ್ಲಿದೆ ಎಂದು ಹೇಳಿ ಮೈಕಿನ ಗುಂಡಿಯಿಂದ ಬೆರಳು ತೆಗೆದವಳಿಗೆ, ಇಲ್ಲದಿದ್ದರೆ ಎನ್ನಿಸಿತು. ಇಲ್ಲದಿದ್ದರೆ ಯಾರೋ ಒಬ್ಬಳು ಮಗು ಎತ್ತಿಕೊಂಡು ತಪ್ಪು ಬಸ್ಸು ಹತ್ತುತ್ತಾಳೆ. ಹಾಗೇ ನಿದ್ದೆ ಹೋಗುತ್ತಾಳೆ. ಕಣ್ಣು ಬಿಟ್ಟರೆ ಗುರುತಿಲ್ಲದ ಊರು. ಅತ್ತ ಬಂದರಿನಲ್ಲಿ ಗಂಡ ಕಾದೂ ಕಾದೂ ಸಿಟ್ಟಾಗುತ್ತಾನೆ. ಗಮನಕ್ಕ ಸಂಜೆ ಮನೆ ಮುಟ್ಟುವಷ್ಟರಲ್ಲಿ ಆ ಮಗು ಬೆಳೆದು ಗಂಡಸಾಗಿ, ಯಾರದೋ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ತನ್ನ ಬಾಳು ಹಾಳು ಮಾಡಿದ ದನಿ ಯಾವುದೆಂದು ಹುಡುಕುತ್ತಿದ್ದ.

ಮಾರನೇ ದಿನದಿಂದ ಪ್ರಕಟಣೆಗಳು ಉದ್ದವಾದವು. "ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಏಳನೇ ಅಂಕಣದಲ್ಲಿ ನಿಂತಿದೆ. ನಿಂತಿರಬೇಕು. ಹತ್ತುವ ಮೊದಲು ದಯವಿಟ್ಟು ಕಂಡಕ್ಟರನ್ನು ಒಮ್ಮೆ ಕೇಳಿ. ಅವರು ಹೌದು ಅಂದರೆ ಇನ್ನೊಮ್ಮೆ ಕೇಳಿ. ಮಗು ಎತ್ತಿಕೊಂಡವರು ನಿದ್ದೆ ಮಾಡಬೇಡಿ."

ಜನ ಹೇಳಿದ ಹಾಗೆ ಕೇಳಿದರು. ಎರಡೆರಡು ಸಲ ಕೇಳಿಸಿಕೊಂಡ ಕಂಡಕ್ಟರಿಗೇ ಅನುಮಾನ ಬಂದು, ಇಳಿದು ಹೋಗಿ ಬಸ್ಸಿನ ಮುಂದಿನ ಬೋರ್ಡು ಓದಿಕೊಂಡು ಬಂದ. ಡ್ರೈವರ್ ಅವನನ್ನು ನೋಡಿ ತಾನೂ ಇಳಿದ.

ಕೊನೆಗೆ ಒಂದು ಬೆಳಿಗ್ಗೆ ಗುಂಡಿ ಒತ್ತಿದವಳಿಗೆ ಮಾತೇ ಹೊರಡಲಿಲ್ಲ. ಗುಂಡಿ ಮಾತ್ರ ಒತ್ತಿಯೇ ಇತ್ತು. ಇಡೀ ನಿಲ್ದಾಣದ ಧ್ವನಿವರ್ಧಕಗಳಲ್ಲಿ ಒಬ್ಬ ಹೆಂಗಸಿನ ಏದುಸಿರು ಕೇಳಿಸಿತು. ಕೆಲವರು ಯಾವುದೋ ಬಸ್ಸಿನ ಗಾಳಿ ಸೋರುತ್ತಿದೆ ಎಂದುಕೊಂಡರು. ಒಬ್ಬ ಮುದುಕ ಮಾತ್ರ ಮೇಲೆ ನೋಡಿ, "ಯಾರಮ್ಮಾ ಅದು, ಸ್ವಲ್ಪ ನೀರು ಕುಡಿ" ಎಂದ.

ನಿಲ್ದಾಣದ ಮೇಲ್ವಿಚಾರಕರು ಕೆಟ್ಟವರಲ್ಲ. ಅವಳನ್ನು ಮರೆತುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಅದು ಅವಳಿಗೆ ಎಂಥ ಜಾಗವೆಂದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಒಂದೊಂದು ಕೊಡೆಗೂ, ಒಂಟಿ ಚಪ್ಪಲಿಗೂ ಅವಳು ಒಂದೊಂದು ಅನಾಹುತ ಕಟ್ಟಿಕೊಂಡು ಅಳುತ್ತಿದ್ದಳು.

"ನೋಡಮ್ಮ, ಹೆಡ್ ಆಫೀಸಿನವರು ಮಾತಾಡೋ ಮೆಷಿನ್ ಕಳಿಸ್ತಾರಂತೆ" ಎಂದರು ಅವರು. "ದೊಡ್ಡಾಸ್ಪತ್ರೆಯಲ್ಲಿ ಹೆಂಗಸರಿಗೆ ಅಂತಲೇ ಇದಕ್ಕೊಬ್ಬರು ಇದ್ದಾರೆ, ಹೋಗಿ ಬಾ. ತಿಂಗಳ ಕೊನೆಯ ಸೋಮವಾರ ಒಂದು ಬೆಳಿಗ್ಗೆ ನಿನ್ನನ್ನ ಮೈಕಿಗೆ ಕೂರಿಸ್ತೀನಿ. ಆದರೆ ಆಯ್ತು. ಆಗದಿದ್ರೆ ಮೆಷಿನ್ನೇ."

ಅವಳಿಗೆ ಬೇರೆ ವಿದ್ಯೆ ಇರಲಿಲ್ಲ. ಆ ಗಾಜಿನ ಕೋಣೆ ಹೋದರೆ ತಾನು ಯಾರು ಎಂಬುದೇ ಅವಳಿಗೆ ಹೊಳೆಯುತ್ತಿರಲಿಲ್ಲ.

ಆಸ್ಪತ್ರೆಯ ಮಹಡಿಯಲ್ಲಿ ಆಪ್ತಸಲಹೆಗಾರ್ತಿಯ ಕೋಣೆ. ಹೊರಗಿನ ಬೆಂಚಿನ ಮೇಲೆ ಐದಾರು ಹೆಂಗಸರು, ಎಲ್ಲರೂ ಎದ್ದು ಓಡಲು ಸುಲಭವಾಗಲೆಂದು ತುದಿಯಲ್ಲೇ ಕೂತಿದ್ದರು. ಒಂದು ಬೆಂಚಿಗೆ ಎರಡೇ ತುದಿ ಇರುವುದರಿಂದ ಸ್ವಲ್ಪ ನೂಕಾಟವಾಗುತ್ತಿತ್ತು.

ಸಲಹೆಗಾರ್ತಿ ವಯಸ್ಸಿನಲ್ಲಿ ಸಣ್ಣವಳು, ಮಾತು ನಿಧಾನ. ಎಲ್ಲ ಕೇಳಿಸಿಕೊಂಡು ಹೇಳಿದಳು: "ಚಿಂತೆ ಮಾಡಬೇಡಿ ಅಂತ ನಾನು ಹೇಳಲ್ಲ. ಹಾಗೆ ಹೇಳಿದರೆ ಇನ್ನೂ ಜಾಸ್ತಿ ಬರುತ್ತೆ. ಅದಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಸಂಜೆ ಅರ್ಧ ಗಂಟೆ. ಆಗ ಮನಸಾರೆ ಮಾಡಿ. ಬೇರೆ ಹೊತ್ತಲ್ಲಿ ಬಂದರೆ, ಈಗಲ್ಲ, ಸಂಜೆ ಬಾ ಅನ್ನಿ."

ವೇಳಾಪಟ್ಟಿಯಲ್ಲೇ ಬದುಕಿದವಳಿಗೆ ಈ ಮಾತು ಸಕ್ಕರೆಯಾಯಿತು. ಅಂದಿನಿಂದ ಸಂಜೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೈ ಮಡಿಲಲ್ಲಿಟ್ಟು, ಕೂತು ಚಿಂತಿಸಿದಳು. ಹಗಲಿನಲ್ಲಿ ಬಂದವನ್ನೆಲ್ಲ ಸಂಜೆಗೆ ಕಳಿಸಿದಳು. ಹಾಗೆ ಕಳಿಸಿದವುಗಳಲ್ಲಿ ಅರ್ಧಕ್ಕರ್ಧ ಸಂಜೆ ಬರಲೇ ಇಲ್ಲ. ಮೊದಲ ವಾರ ಅವಳು ರಾತ್ರಿ ಮಗುವಿನ ಹಾಗೆ ಮಲಗಿದಳು.

ಎಡವಟ್ಟಾದದ್ದು ಆ ಖಾಲಿ ಕೈಗಳಿಂದ. ಆ ಮನೆಯಲ್ಲಿ ಹೆಂಗಸೊಬ್ಬಳು ಖಾಲಿ ಕೈಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

"ಏನು ಮಾಡ್ತಿದ್ದೀಯೇ?" ಎಂದರು ಅತ್ತೆ.

"ಚಿಂತೆ ಮಾಡ್ತಿದ್ದೀನಿ ಅತ್ತೆ. ಆಸ್ಪತ್ರೆಯಲ್ಲಿ ಹೇಳಿದ್ದಾರೆ."

ಆಸ್ಪತ್ರೆಯಲ್ಲಿ ಹೇಳಿದ್ದಾರೆಂದ ಮೇಲೆ ಅದು ಕೆಲಸವೇ. ಮನೆಯಲ್ಲಿ ಸೊಸೆ ಒಂದು ಕೆಲಸಕ್ಕೆ ಕೂತರೆ ಅದರ ಜೊತೆಗೆ ತಮ್ಮದನ್ನೂ ಸೇರಿಸುವುದು ಎಲ್ಲರಿಗೂ ರೂಢಿ. ಬಟ್ಟೆ ಒಗೆಯಲು ಕೂತವಳ ಬಕೆಟ್ಟಿಗೆ ಎರಡು ಟವೆಲು ಹಾಕಿಹೋದ ಹಾಗೆ, ಅತ್ತೆ ಹೇಳಿದರು: "ಹೆಂಗೂ ಕೂತಿದ್ದೀಯಲ್ಲ, ನನ್ನ ಮಂಡಿದೂ ಒಂಚೂರು ಮಾಡಿಬಿಡು. ಮೆಟ್ಟಿಲು ಇಳಿಯೋವಾಗ ಬಿದ್ದರೆ ಏನು ಗತಿ ಅಂತ ದಿನಾ ಅನ್ನಿಸುತ್ತೆ. ನನಗೆ ಸೊಪ್ಪು ಬಿಡಿಸೋದಿದೆ."

ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮಂಡಿಯನ್ನು ಮಾಡಿದಳು. ಕಟ್ಟುನಿಟ್ಟಾಗಿಯೇ ಮಾಡಿದಳು. ಅತ್ತೆ ಮೆಟ್ಟಿಲಲ್ಲಿ ಜಾರಿದರು, ಆಸ್ಪತ್ರೆ ಸೇರಿದರು, ಮೂಳೆ ಕೂಡಲಿಲ್ಲ. ಅಷ್ಟಕ್ಕೇ ಹೊತ್ತು ಮುಗಿಯಿತು. ಅತ್ತ ನಿಜವಾದ ಅತ್ತೆ ಸೊಪ್ಪು ಬಿಡಿಸಿ ಮುಗಿಸಿ, ಹಗುರಾಗಿ ಎದ್ದು ಮೆಟ್ಟಿಲು ಇಳಿದು ಹೋದರು. "ಎಂಥದೋ ಭಾರ ಇಳಿದ ಹಾಗಾಯ್ತು" ಎಂದು ಪಕ್ಕದ ಮನೆಯಲ್ಲಿ ಹೇಳಿಯೂ ಬಂದರು.

ಮೋಟಾರುಗಳಿಗೆ ತಂತಿ ಸುತ್ತುವ ಗಂಡ ಮಾರನೇ ಸಂಜೆ ತಲೆ ಕೆರೆದುಕೊಳ್ಳುತ್ತ ಬಂದ. "ಕೂದಲು ಉದುರ್ತಿದೆ ಕಣೇ. ನಮ್ಮಪ್ಪಂಗೆ ಆದ ಹಾಗೇ ಆಗುತ್ತೇನೋ. ಅಮ್ಮಂದು ಆದ ಮೇಲೆ ಟೈಮ್ ಉಳಿದ್ರೆ ನೋಡು."

ಪಕ್ಕದ ಮನೆಯ ದರ್ಜಿಯಮ್ಮ ಬೇಲಿಯಾಚೆಯಿಂದಲೇ ಕೂಗಿದಳು. "ಗಮನಕ್ಕಾ, ಮದುಮಗಳ ರವಿಕೆ ಕತ್ತರಿಸಿಬಿಟ್ಟಿದ್ದೀನಿ. ಈಗ ಅಳತೆ ತಪ್ಪಿದೆಯೇನೋ ಅಂತ ಕೈಯೇ ಓಡ್ತಿಲ್ಲ. ನೀನು ಅದೊಂದನ್ನ ಹಿಡ್ಕೊ, ನಾನು ಹೊಲಿದು ಮುಗಿಸ್ತೀನಿ."

ನಿಲ್ದಾಣಕ್ಕೂ ಸುದ್ದಿ ಹೋಯಿತು. ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸುವ ಡ್ರೈವರ್ ಸಾಮಾನಿನ ಕೋಣೆಯ ಕಿಟಕಿಗೆ ಬಂದು ದನಿ ತಗ್ಗಿಸಿದ. "ಅಕ್ಕಾ, ಬ್ರೇಕು. ಇಳಿಜಾರಲ್ಲೆಲ್ಲ ಅದೇ ಧ್ಯಾನ. ನೀವು ಸಂಜೆ ಅದನ್ನ ನೋಡಿಕೊಂಡರೆ ನಾನು ಆರಾಮಾಗಿ ಹಾಡು ಕೇಳಿಕೊಂಡು ಓಡಿಸ್ತೀನಿ."

"ಬ್ರೇಕು ನೀನೇ ನೋಡಬೇಕಪ್ಪಾ!"

"ನೋಡ್ತೀನಿ ಅಕ್ಕ, ಕಾಲಲ್ಲಿ ನೋಡ್ತೀನಿ. ಮನಸ್ಸಿಗೆ ಮಾತ್ರ ನೀವಿರಿ."

ದೇವರ ಮುಂದೆ ಇಟ್ಟ ಭಾರವನ್ನು ಕೈ ಮುಗಿದು ಏಳುವಾಗ ಮತ್ತೆ ಹೆಗಲಿಗೆ ಹಾಕಿಕೊಂಡೇ ಬರುವವರು ಇವರೆಲ್ಲ. ಗಮನಕ್ಕನ ಮುಂದೆ ಇಟ್ಟದ್ದನ್ನು ಮಾತ್ರ ಒಬ್ಬರೂ ತಿರುಗಿ ನೋಡಲಿಲ್ಲ. ದೇವರು ಸುಮ್ಮನಿರುತ್ತಾನೆ, ಇವಳು ಆಯ್ತು ಎನ್ನುತ್ತಿದ್ದಳು. ಅಷ್ಟೇ ವ್ಯತ್ಯಾಸ ಇರಬೇಕು.

ಮನೆ, ಬೀದಿ ಎಲ್ಲ ಕಳೆಕಳೆಯಾಯಿತು. ಅತ್ತೆ ಮೈ ತುಂಬಿಕೊಂಡರು. ಗಂಡ ಸಿಳ್ಳೆ ಹಾಕುತ್ತ ಸ್ನಾನಕ್ಕೆ ಹೋಗತೊಡಗಿದ. ಇವಳ ಕಣ್ಣ ಕೆಳಗೆ ಮಾತ್ರ ಮಸಿ ಬಳಿದ ಹಾಗಾಯಿತು. ಅರ್ಧ ಗಂಟೆ ಸಾಲದೆ ಕುರ್ಚಿಯಲ್ಲೇ ಕತ್ತಲಾಗುತ್ತಿತ್ತು. "ಅಡುಗೆ ತಡ ಆಗ್ತಿದೆ, ನಾಳೆಯಿಂದ ಸ್ವಲ್ಪ ಮುಂಚೆ ಶುರು ಮಾಡು" ಎಂದರು ಅತ್ತೆ. ಸಾಲದ್ದಕ್ಕೆ ಮದುಮಗಳ ರವಿಕೆ ತೋಳಲ್ಲಿ ಬಿಗಿಯಾಯಿತು. ದರ್ಜಿಯಮ್ಮ ಬೇಲಿಗೆ ಬಂದು ನಿಂತಳು.

"ನೀನು ಮನಸ್ಸಿಟ್ಟು ಮಾಡಿಲ್ಲ ಗಮನಕ್ಕ."

"ಮಾಡಿದ್ದೆ ಕಣೇ, ರವಿಕೆ ಬೆನ್ನು ಹರಿಯೋವರೆಗೂ ಮಾಡಿದ್ದೆ."

"ಬೆನ್ನು ಯಾರು ಕೇಳಿದ್ರು? ನಾನು ಹೇಳಿದ್ದು ತೋಳು!"

ಸೋಮವಾರಕ್ಕೆ ಇನ್ನು ಕೆಲವೇ ದಿನವಿರುವಾಗ ಅವಳು ಮತ್ತೆ ಆಸ್ಪತ್ರೆಯ ಮಹಡಿ ಹತ್ತಿದಳು. ಸಲಹೆಗಾರ್ತಿ ಅವಳ ಮುಖ ನೋಡಿ ಗಾಬರಿಯಾದಳು.

"ಸಂಜೆ ಕೂರ್ತಿಲ್ವಾ?"

"ಕೂರೋದೇ ಆಗಿದೆ ಮೇಡಂ. ಎದ್ದೇಳೋಕೆ ಆಗ್ತಿಲ್ಲ." ಎಲ್ಲವನ್ನೂ ಹೇಳಿದಳು.

ಸಲಹೆಗಾರ್ತಿ ನಗು ಬರಬಾರದೆಂದು ಕೆನ್ನೆ ಕಚ್ಚಿಕೊಂಡಳು. ಆಮೇಲೆ ಕೇಳಿದಳು: "ಇವುಗಳಲ್ಲಿ ನಿಮ್ಮದು ಯಾವುದು?"

ಗಮನಕ್ಕ ಯೋಚಿಸಿದಳು. ಮಂಡಿ ಅತ್ತೆಯದು. ಕೂದಲು ಗಂಡನದು. ತೋಳು ದರ್ಜಿಯಮ್ಮನದು. ಬ್ರೇಕು ಡ್ರೈವರಿನದು. ಮೂಲೆಮೂಲೆ ತಡಕಿದರೂ ತನ್ನದೊಂದು ಸಿಗಲಿಲ್ಲ.

"ಮೈಕು?" ಎಂದಳು ಸಲಹೆಗಾರ್ತಿ.

"ಅಯ್ಯೋ ದೇವರೇ. ಅದರ ಸರದಿ ಬಂದೇ ಇಲ್ಲ ಮೇಡಂ. ಎರಡು ವಾರದಿಂದ ಸಂಜೆ ಬಾ, ಸಂಜೆ ಬಾ ಅಂತ ಕಳಿಸ್ತಾನೇ ಇದ್ದೀನಿ."

"ಹಾಗಾದ್ರೆ ಅವರದನ್ನ ಅವರಿಗೆ ವಾಪಸ್ ಕೊಡಿ."

"ಹೇಗೆ ಹೇಳಲಿ? ಮನೆಯವರ ಮುಂದೆ ನನಗೆ ಬಾಯೇ ಬರಲ್ಲ."

"ಮನೆಯವರಿಗೆ ಸೊಸೆಯಾಗಿ ಹೇಳೋಕೆ ಬರಲ್ಲ, ಸರಿ. ಸಾವಿರ ಜನಕ್ಕೆ ಹೇಳೋಕೆ ಬರುತ್ತಲ್ಲ?"

ಅಂದು ಸಂಜೆ ಅತ್ತೆ, ಗಂಡ ಇಬ್ಬರೂ ನಡುಮನೆಯಲ್ಲಿದ್ದರು. ಬೇಲಿಯಾಚೆ ದರ್ಜಿಯಮ್ಮ ಬಟ್ಟೆ ಹರವುತ್ತಿದ್ದಳು. ಗಮನಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಯಾರನ್ನೂ ನೋಡದೆ, ಎದುರುಗೋಡೆಗೆ ಹೇಳಿದಳು:

"ಮನೆಯವರ ಗಮನಕ್ಕೆ. ಹಿತ್ತಿಲ ಕುರ್ಚಿಯಲ್ಲಿ ಇಟ್ಟಿರುವ ಮಂಡಿ, ಕೂದಲು, ಹಾಗೂ ನೆರೆಮನೆಯವರ ರವಿಕೆ, ಇವುಗಳನ್ನು ವಾರಸುದಾರರು ಇಂದೇ ತೆಗೆದುಕೊಂಡು ಹೋಗಬೇಕಾಗಿ ವಿನಂತಿ. ನಾಳೆಯಿಂದ ಇತರರ ಚಿಂತೆಗಳನ್ನು ಸ್ವೀಕರಿಸಲಾಗುವುದಿಲ್ಲ. ಧನ್ಯವಾದಗಳು."

ದನಿ ಎಲ್ಲೂ ತಡವರಿಸಲಿಲ್ಲ. ಅತ್ತೆ "ಅಮ್ಮಾ" ಎಂದು ಮಂಡಿ ಹಿಡಿದುಕೊಂಡರು. ಗಂಡ ಕನ್ನಡಿಯ ಕಡೆ ನಡೆದ. ಬೇಲಿಯಾಚೆ ಒದ್ದೆ ಬಟ್ಟೆಯೊಂದು ಪಟ್ ಎಂದು ನೆಲಕ್ಕೆ ಬಿತ್ತು.

"ಇಷ್ಟು ದಿನ ಮಾಡಿದೋಳಿಗೆ ಈಗ ಏನು ಬಂತು ರೋಗ?" ಎಂದರು ಅತ್ತೆ.

"ರೋಗ ಮುಂಚೆಯೇ ಇತ್ತು ಅತ್ತೆ. ಅದಕ್ಕೇ ಆ ಕುರ್ಚಿ ಹಾಕಿದ್ದು."

ಬೆಳಿಗ್ಗೆ ಡ್ರೈವರಿಗೂ ಅವನ ಬ್ರೇಕು ವಾಪಸಾಯಿತು. ಅವನು ಮುಖ ಸಪ್ಪಗೆ ಮಾಡಿಕೊಂಡು ಬಸ್ಸನ್ನು ಮೆಕ್ಯಾನಿಕ್ ಹತ್ತಿರ ಒಯ್ದ. ಅದೇ ಒಳ್ಳೆಯದಾಯಿತು, ಎಡಗಡೆ ಚಕ್ರದ ಬ್ರೇಕು ಹಿಡಿಯುತ್ತಲೇ ಇರಲಿಲ್ಲವಂತೆ.

ಆ ಸಂಜೆ ಕುರ್ಚಿ ಖಾಲಿ ಸಿಕ್ಕಿತು. ಮೈಕಿನ ಹೆದರಿಕೆ ಬಂದು ಎದುರಿಗೆ ಕೂತಿತು. ಉಸಿರು ಕೇಳಿಸಿದರೆ? ಕೇಳಿಸುತ್ತದೆ. ಎಲ್ಲರಿಗೂ ಕೇಳಿಸಿದರೆ? ಎಲ್ಲರಿಗೂ ಕೇಳಿಸುತ್ತದೆ. ಆಮೇಲೆ? ಆಮೇಲೆ ಏನೆಂದು ಅವಳು ಎಂದೂ ನೋಡಿರಲಿಲ್ಲ. ನೋಡಿದಳು. ಆಮೇಲೆ ಬಸ್ಸು ಹೊರಡುತ್ತಿತ್ತು.

ಸೋಮವಾರ ಗಾಜಿನ ಕೋಣೆಯಲ್ಲಿ ಮೈಕಿನ ಪಕ್ಕದಲ್ಲಿ ಹೊಸ ಮೆಷಿನ್ ಬಂದು ಕೂತಿತ್ತು, ಇನ್ನೂ ಪ್ಲಾಸ್ಟಿಕ್ ಸುತ್ತಿಕೊಂಡೇ. ಗಾಜಿನಾಚೆ ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದರು. ಗಮನಕ್ಕ ಗುಂಡಿ ಒತ್ತಿದಳು. ಮೊದಲ ಪ್ರಕಟಣೆ ಸರಾಗ ಹೋಯಿತು. ಗಡಿಗೆ ಹೋಗುವ ಬಸ್ಸಿನದೂ ಸರಾಗ ಹೋಯಿತು. "ಬಂದರಿಗೆ ಹೋಗುವ ಬಸ್ಸು ಏಳನೇ ಅಂಕಣದಲ್ಲಿ ನಿಂತಿದೆ" ಎಂದು ಹೇಳಿ ತಲೆಯೆತ್ತಿದರೆ, ಏಳರಲ್ಲಿ ಬಸ್ಸಿಲ್ಲ. ಕೆಟ್ಟುನಿಂತ ಇನ್ನೊಂದು ಬಸ್ಸು ದಾರಿಗೆ ಅಡ್ಡವಾಗಿ, ಬಂದರಿನ ಡ್ರೈವರ್ ಅದೇ ಗಳಿಗೆಯಲ್ಲಿ ತನ್ನ ಬಸ್ಸನ್ನು ಒಂಬತ್ತಕ್ಕೆ ತಿರುಗಿಸುತ್ತಿದ್ದ. ಏಳರಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕಂಕುಳಲ್ಲಿ ಮಗು.

ಗಮನಕ್ಕನ ಬೆರಳು ಗುಂಡಿಯ ಮೇಲೇ ಇತ್ತು. ಏದುಸಿರು ಇಡೀ ನಿಲ್ದಾಣಕ್ಕೆ ಕೇಳಿಸಿತು. ಜನ ನಿಂತಲ್ಲೇ ತಲೆಯೆತ್ತಿದರು. ಮೇಲ್ವಿಚಾರಕರು ಬಾಗಿಲ ಕಡೆ ಧಾವಿಸಿದರು.

"ತಪ್ಪಾಯ್ತು" ಎಂದಿತು ಧ್ವನಿವರ್ಧಕ. "ಬಸ್ಸು ಏಳರಲ್ಲಿ ಇಲ್ಲ, ಒಂಬತ್ತರಲ್ಲಿದೆ. ಮಗು ಎತ್ತಿಕೊಂಡವರು ಓಡಬೇಡಿ, ನಿಧಾನಕ್ಕೆ ಬನ್ನಿ. ಡ್ರೈವರೇ, ಅವರು ಹತ್ತೋ ತನಕ ನಿಲ್ಲಿಸಿ."

ಜನ ಗೊಣಗುತ್ತ ಗಂಟು ಎತ್ತಿಕೊಂಡು ಒಂಬತ್ತಕ್ಕೆ ನಡೆದರು. "ಮೊದಲೇ ಹೇಳೋಕೇನು ಧಾಡಿ?" ಎಂದು ಒಬ್ಬಳು ಧ್ವನಿವರ್ಧಕದ ಕಂಬಕ್ಕೆ ಬೈದಳು. ಮಗುವಿನ ತಾಯಿ ಕೊನೆಯವಳಾಗಿ ಹತ್ತಿದಳು. ಬಸ್ಸು ಬಂದರಿಗೇ ಹೋಯಿತು.

ಮೇಲ್ವಿಚಾರಕರು ಒಳಗೆ ಬಂದು ಕರ್ಚೀಫಿನಲ್ಲಿ ತಮ್ಮ ಹಣೆ ಒರೆಸಿಕೊಂಡರು.

"ಮೈಕು ನಿನ್ನದೇ ಕಣಮ್ಮ, ನಾನು ಹೆಡ್ ಆಫೀಸಿಗೆ ಬರೆದು ಕಳಿಸ್ತೀನಿ. ಆದ್ರೆ ನೀನು ಇಷ್ಟು ಯಾಕೆ ಒದ್ದಾಡಬೇಕು? ಈ ಮೆಷಿನ್ ಇಲ್ಲೇ ಇರಲಿ. ನೀನು ಕುರ್ಚಿಯಲ್ಲಿ ಕೂತಿರು, ಅದು ಹೇಳ್ಕೊಂಡು ಹೋಗುತ್ತೆ. ಹೊರಗೆ ಯಾರಿಗೂ ಗೊತ್ತಾಗಲ್ಲ. ನಿನ್ನ ಕಷ್ಟ ನೋಡಿ ಹೇಳ್ತಿದ್ದೀನಿ."

"ನಿಮ್ಮ ಮನಸ್ಸು ದೊಡ್ಡದು ಸಾರ್" ಎಂದಳು ಗಮನಕ್ಕ, ಸೆರಗಿನಲ್ಲಿ ಅಂಗೈ ಬೆವರು ಒರೆಸಿಕೊಳ್ಳುತ್ತ. "ಆದ್ರೆ ಬೇಡ. ಅದಕ್ಕೆ ತಪ್ಪಾಯ್ತು ಅನ್ನೋಕೆ ಬರಲ್ಲ. ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ, ಬೆಟ್ಟದ ಬಸ್ಸು ಬಂತು, ನನಗೆ ಅಂಕಣ ಕಾಣಿಸ್ತಿಲ್ಲ."