ಅಕ್ಕನ ಕಂಕುಳಲ್ಲಿ ಸಮುದ್ರದ ಥರ್ಮಾಮೀಟರ್

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸಮುದ್ರ ಕಂಡವನು ಒಬ್ಬನೇ, ಅಪ್ಪನ ತಮ್ಮ, ನನ್ನ ಕಾಕಾ. ಸೋಲಾಪುರದ ಕಡೆಯ ನಮ್ಮೂರು ತಡವಳದ ಒಣ ಹೊಲ ಬಿಟ್ಟು ಹೋಗಿ ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದ. ಒಮ್ಮೆ ಸಂಕ್ರಾಂತಿಯ ಹೊತ್ತಿಗೆ ರಜೆಯಲ್ಲಿ ಬಂದವನು ಚೀಲದಿಂದ ಎರಡು ಸಾಮಾನು ತೆಗೆದ. ಒಂದು ದಪ್ಪ ಕ್ಯಾನ್ವಾಸ್ ಬಟ್ಟೆಯ ಬಕೆಟ್. ಇನ್ನೊಂದು ಹಿತ್ತಾಳೆ ಡಬ್ಬಿಯೊಳಗಿನ ಉದ್ದನೆಯ ಥರ್ಮಾಮೀಟರ್.

ಬಕೆಟ್ ಮೂಸಿದರೆ ಉಪ್ಪು, ಡಾಂಬರು, ಹಳೇ ಹಗ್ಗದ ವಾಸನೆ. ಅದನ್ನು ಹಗ್ಗಕ್ಕೆ ಕಟ್ಟಿ ಓಡುವ ಹಡಗಿನಿಂದ ಸಮುದ್ರಕ್ಕೆ ಇಳಿಸಿ, ಮೇಲಿನ ನೀರು ತುಂಬಿ ಎಳೆದು, ಥರ್ಮಾಮೀಟರ್ ಅದ್ದಿ ಸಮುದ್ರದ ಬಿಸಿ ನೋಡುತ್ತಿದ್ದರಂತೆ. ಅದಕ್ಕೂ ಹಿಂದೆ ಮರದ ಬಕೆಟ್ ಇತ್ತಂತೆ. ಕ್ಯಾನ್ವಾಸಿಗೆ ಗಾಳಿ ತಾಗಿದರೆ ಒಳಗಿನ ನೀರು ತಣ್ಣಗಾಗುತ್ತದೆ, ಲಾರಿಯವರು ಮುಂದೆ ನೇತುಹಾಕುವ ನೀರಿನ ಚೀಲದ ಹಾಗೆ. ಅದಕ್ಕೇ ಲಗುಲಗು ಓದಬೇಕು, ಥರ್ಮಾಮೀಟರಿನ ಕಡ್ಡಿ ನೀರಲ್ಲಿರುವಾಗಲೇ ಓದಬೇಕು. ಈಗ ಇಂಜಿನ್ ತಣಿಸಲು ಒಳಗೆಳೆಯುವ ನೀರಿನ ಪೈಪಿಗೇ ಥರ್ಮಾಮೀಟರ್ ಕೂಡಿಸಿದ್ದರಿಂದ ಇವು ಗುಜರಿಗೆ ಹೊರಟಿದ್ದವು. ಕಾಕಾ ಕೇಳಿ ತಂದಿದ್ದ.

ನಮ್ಮ ಅಕ್ಕ ಮಾತಿನ ಮಲ್ಲಿ. “ಕಾಕಾ, ಸಮುದ್ರಕ್ಕ ಜ್ವರ ಬಂದ್ರ ಕಂಬಳಿ ಯಾರ ಹೊಚ್ಚತಾರ?” ಎಂದು ಕೇಳಿದಳು.

“ನಿನ್ನ ಲಗ್ನದಾಗ ಬಂದ ಕಂಬಳಿ ಕೊಡೂಣು ಬಿಡು,” ಎಂದ ಕಾಕಾ. ಅಕ್ಕ ಮುಖ ತಿರುಗಿಸಿ ಒಳಗೋಡಿದಳು.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕನಿಗೇ ಜ್ವರ ಬಂತು. ಊರಿನಿಂದ ಸೋಲಾಪುರಕ್ಕೆ ಮುಂಜಾನೆ ಒಂದು ಬಸ್ಸು, ಸಂಜೆ ಒಂದು. ಮುಂಜಾನೆಯದಕ್ಕೇ ದವಾಖಾನೆಗೆ ಒಯ್ಯಬೇಕೆಂದು ಅಪ್ಪ ದಾರಿಗೆ ಜೋಳದ ಭಕ್ರಿ ಕಟ್ಟಿಸಿಕೊಂಡು ತಯಾರಾಗಿದ್ದ. ಅಷ್ಟರಲ್ಲಿ ಅವ್ವನಿಗೆ ಕಾಕಾನ ಥರ್ಮಾಮೀಟರ್ ನೆನಪಾಯಿತು. ಕಾಕಾ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದ. ಡಾಕ್ಟರು ಕಡ್ಡಿ ಇಟ್ಟಾಗಲೆಲ್ಲ ಆಮೇಲೆ ಜ್ವರ ಇಳಿಯುವುದನ್ನು ಅವ್ವ ನೋಡಿದ್ದಳು. ಮದ್ದಿಗಿಂತ ಕಡ್ಡಿಯೇ ತಾಪ ಎಳೆಯುತ್ತದೆ ಎಂದು ಅವಳ ನಂಬಿಕೆ. ನಮ್ಮ ಓಣಿಯಲ್ಲಿ ಎಲ್ಲರದೂ ಅದೇ ನಂಬಿಕೆ.

ಕಂಕುಳಲ್ಲಿ ಇಟ್ಟರು. ಒಳಗೆ ಕತ್ತಲೆ, ಅಂಕಿ ಕಾಣಲಿಲ್ಲ. ಅಪ್ಪ ಅದನ್ನು ಬಾಗಿಲ ಬೆಳಕಿಗೆ ತಂದ. ಹೊರಗೆ ಚಳಿಗಾಳಿ, ಕಡ್ಡಿಗೆ ಅಕ್ಕನ ಬೆವರು. ನಮ್ಮ ಕಣ್ಣೆದುರೇ ಪಾದರಸ ಸರಸರ ಇಳಿಯಿತು.

“ನೋಡ್ರಿ, ತಾಪ ಎಳದು ಹೊರಗ ಚೆಲ್ಲಾಕತ್ತೈತಿ,” ಎಂದಳು ಅವ್ವ.

ಮತ್ತೆ ಇಟ್ಟರು, ಮತ್ತೆ ಬಾಗಿಲಿಗೆ ತಂದರು, ಮತ್ತೆ ಇಳಿಯಿತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅಪ್ಪ ನಿರಾಳವಾಗಿ ಭಕ್ರಿಯ ಗಂಟು ಬಿಚ್ಚಿದ.

ಬಿಸಿಲೇರಿದ ಮೇಲೆ ಕಾಕಾ ಅಕ್ಕನಿಗೆಂದು ಸುಟ್ಟ ಎಳೆ ಜೋಳದ ಹುರ್ಡಾ ಹಿಡಿದು ಬಂದ. ಅವಳ ಕಣ್ಣು ನೋಡಿದವನೇ ಹುರ್ಡಾ ಕೆಳಗಿಟ್ಟು ಕಡ್ಡಿ ಇಟ್ಟ. ಹೊರಗೆ ತೆಗೆಯಲಿಲ್ಲ. ಕಂದೀಲು ಹಚ್ಚಿಸಿಕೊಂಡು, ಅಲ್ಲೇ ಬಗ್ಗಿ ಓದಿದ.

“ಅಣ್ಣಾ, ಇಷ್ಟು ಬಿಸಿ ಸಮುದ್ರ ನಾ ಎಲ್ಲೂ ನೋಡಿಲ್ಲ,” ಎಂದ.

ಮುಂಜಾನೆ ಇಳಿದಿತ್ತಲ್ಲ ಎಂದು ಅಪ್ಪ ತೊದಲಿದ. ಡಾಕ್ಟರ ಕಡ್ಡಿಯಲ್ಲಿ ಏರಿದ ಪಾದರಸ ಝಾಡಿಸುವ ತನಕ ಅಲ್ಲೇ ನಿಲ್ಲುತ್ತದೆ, ಹಡಗಿನದು ನಿಲ್ಲುವುದಿಲ್ಲ, ಹೊರಗೆ ತೆಗೆದರೆ ಅದು ತೋರಿಸುವುದು ಗಾಳಿಯ ಬಿಸಿ ಎಂದು ಕಾಕಾ ಹೇಳಿದ. ಅಪ್ಪ ಜೀಪು ಹುಡುಕಿಕೊಂಡು ಓಡಿದ.

ಊರಲ್ಲಿದ್ದ ಜೀಪು ಅಕ್ಕಲಕೋಟಕ್ಕೆ ಹೋಗಿತ್ತು. ಚಕ್ಕಡಿ ಹೂಡಿದರೂ ಸಂಜೆಯ ಬಸ್ಸಿಗಿಂತ ಮೊದಲು ಮುಟ್ಟುತ್ತಿರಲಿಲ್ಲ. ಕಾಕಾ ಆ ಬಕೆಟ್ಟಿಗೆ ನೀರು ತುಂಬಿ ಬೇವಿನ ಕೊಂಬೆಗೆ ಕಟ್ಟಿದ. ಗಾಳಿಗೆ ನೀರು ಮಂಜಿನಂತೆ ತಣ್ಣಗಾಯಿತು. ಅವ್ವ ಅದರಲ್ಲಿ ಸೀರೆಯ ಚೂರು ಅದ್ದಿ ಅಕ್ಕನ ಹಣೆಗೆ ಹಾಕುತ್ತಿದ್ದಳು, ಚೂರು ಹಾಕಿದಷ್ಟು ಬೇಗ ಒಣಗುತ್ತಿತ್ತು. ಅಕ್ಕ ಯಾರನ್ನೋ ಬೈಯುತ್ತಿದ್ದಳು, ನಗುತ್ತಿದ್ದಳು. ನಮ್ಮನ್ನು ಮಾತ್ರ ಗುರುತಿಸಲಿಲ್ಲ.

“ಹೆಂಗರ ಮಾಡಿ ಇಳಸ್ರಿ ಭಾವುಜಿ,” ಎಂದಳು ಅವ್ವ. “ನಿಮಗ ಇದರ ಕೆಲಸ ಗೊತ್ತೈತಿ.”

ಕಾಕಾ ತಲೆ ಎತ್ತಲಿಲ್ಲ. “ವೈನಿ, ನನಗ ಅಳೆಯೂದಷ್ಟ ಗೊತ್ತು. ಇಳಸೂದು ಗೊತ್ತಿಲ್ಲ.”

ಸುಳ್ಳೇಕೆ ಹೇಳಲಿ, ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಸಂಜೆಯ ಬಸ್ಸಿಗೆ ಹೋದರು. ಅಕ್ಕ ಬದುಕಿದಳು, ಎರಡೂ ಕಿವಿ ಹೋದವು. ಮುಂಜಾನೆಯೇ ಬಂದಿದ್ದರೆ ಉಳಿಯುತ್ತಿದ್ದವೇ ಎಂದು ಅಪ್ಪ ಕೇಳಿದ್ದಕ್ಕೆ ಡಾಕ್ಟರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಈಗ, ಮಕ್ಕಳೇ, ನಿಮ್ಮ ಮೈ ಸ್ವಲ್ಪ ಬೆಚ್ಚಗಾದರೆ ನಿಮ್ಮಮ್ಮ ಹಣೆಗೆ ಏನೋ ಹಿಡಿಯುತ್ತಾಳೆ, ಅದು ಪೀಂ ಎನ್ನುತ್ತದೆ, ಅಂಕಿ ಓಡಿಹೋಗದೆ ನಿಲ್ಲುತ್ತದೆ. ಕಷಾಯ ಕುದಿಯುವುದರೊಳಗೆ ರಿಕ್ಷಾ ಬಾಗಿಲಲ್ಲಿರುತ್ತದೆ. ಸಮುದ್ರದ ಬಿಸಿಯನ್ನೂ ಈಗ ನೀರಲ್ಲಿ ತೇಲುವ ಯಂತ್ರಗಳು, ಉಪಗ್ರಹಗಳೇ ನೋಡಿ ಕಳಿಸುತ್ತವೆ. ಮೊಬೈಲಿನಲ್ಲಿ ಕೆಂಪು, ನೀಲಿ ಬಣ್ಣದಲ್ಲಿ ಅದನ್ನು ನನಗೆ ತೋರಿಸಿದವರೂ ನೀವೇ.

ಅಕ್ಕ ನಮ್ಮ ಮನೆಗೆ ಬಂದರೆ ನೀವು ಮೊಬೈಲಿನಲ್ಲಿ, ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಟೈಪ್ ಮಾಡಿ ತೋರಿಸುತ್ತೀರಿ, ಅವಳು ಓಣಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ, ಎಲ್ಲರೂ ನಗುತ್ತೀರಿ. ನಿಮಗೆ ಅವಳು ಮೊದಲಿಂದಲೂ ಹೀಗೇ. ನಾನು ಮಾತ್ರ ಈಗಲೂ ಮರೆತು, ಅವಳ ಬೆನ್ನ ಹಿಂದಿನಿಂದ “ಅಕ್ಕಾ” ಎಂದು ಕರೆದು, ಅವಳು ತಿರುಗಲೆಂದು ಕಾಯುತ್ತ ನಿಂತುಬಿಡುತ್ತೇನೆ.